ನನ್ನ ಗಡ್ಡ ಒಯ್ದ ಅಂಬಿಗ

ವಿಶ್ವವಿದ್ಯಾಲಯ ನನಗೆ ಭೌತಶಾಸ್ತ್ರದ ಪದವಿಯ ಜೊತೆಗೆ ಒಂದು ಚಟವನ್ನೂ ಅಂಟಿಸಿ ಕಳುಹಿಸಿತು. ಆಧಾರವಿಲ್ಲದೆ ಏನನ್ನೂ ನಂಬಬಾರದು ಎಂಬ ಚಟ. ಜಾತಕ, ತಾಯತ, ಬಸ್ಸಿನ ವೇಳಾಪಟ್ಟಿ, ನೆಂಟರ ಕ್ಷೇಮಸಮಾಚಾರ, ಎಲ್ಲವನ್ನೂ ಸಂದೇಹಿಸುತ್ತ ನಲವತ್ತೈದು ದಾಟಿದೆ. ಹೊರಗೆ ಸಂದೇಹಿಸಲು ಏನೂ ಉಳಿಯದೆ ಹೋದಾಗ ನನ್ನ ನೆನಪಿಗೇ ಕೈ ಹಾಕಿದೆ. ಈಗ ನಿನ್ನೆ ರಾತ್ರಿ ಉಂಡದ್ದು ರೊಟ್ಟಿಯೋ ಅನ್ನವೋ ಎಂದು ಯಾರಾದರೂ ಕೇಳಿದರೆ, ಸಾಕ್ಷಿ ಯಾರಿದ್ದರು ಎಂದು ಮರುಪ್ರಶ್ನೆ ಹಾಕುತ್ತೇನೆ. ಇಂಥ ನನಗೂ ಸಂದೇಹವೇ ಇಲ್ಲದ ಸಂಗತಿ ಒಂದಿದೆ. ಮೌನೇಶನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದಕ್ಕೆ ಯಾವ ಆಧಾರವೂ ಬೇಕಾಗಿಲ್ಲ, ಊಟವಾದ ಮೇಲೆ ಎದೆಯ ಕೆಳಗೆ ಕೈ ಇಟ್ಟರೆ ಬಿಸಿ ತಾಕುತ್ತದೆ.

ನಾನಿರುವುದು ಲಿಂಗಸುಗೂರಿನಲ್ಲಿ, ಪಾಠ ಮಾಡುವುದು ಸಿಂಧನೂರಿನಲ್ಲಿ, ಸಂದೇಹಪಡುವುದು ಮಸ್ಕಿಯಲ್ಲಿ. ಬಸ್ಸು ಮಸ್ಕಿ ನಿಲ್ದಾಣಕ್ಕೆ ಬಂದು ನಿಂತ ಕೂಡಲೇ ಗೇಟಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಹಾಕಿದ ನೆನಪಿರುತ್ತದೆ, ಆದರೆ ಅದು ನಿನ್ನೆಯ ನೆನಪಲ್ಲ ಎನ್ನಲು ಏನು ಆಧಾರ? ಎರಡು ಸಲ ಇಳಿದು ವಾಪಸು ಹೋಗಿದ್ದೇನೆ. ಎರಡು ಸಲವೂ ಕೀಲಿ ಇತ್ತು. ಎರಡನೆಯ ಸಲ, ಅಂಚೆ ಕಚೇರಿಗೆ ಹೊರಟಿದ್ದ ನನ್ನ ಹೆಂಡತಿ ಶಿವಲೀಲಾ ಒಳಗಿನಿಂದ ಗೇಟು ಬಡಿಯುತ್ತ ನಿಂತಿದ್ದಳು. ಆ ವಿಷಯ ಇಲ್ಲಿಗೆ ಸಾಕು.

ಇಂಥ ಮನುಷ್ಯ ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಮಾಂತ್ರಿಕನಾಗುತ್ತಾನೆ ಎಂದರೆ ನೀವು ನಗಬಹುದು. ಆನ್‌ಲೈನ್ ಆಟವೊಂದಿದೆ. ರಾಕ್ಷಸರು, ಕೋಟೆಗಳು, ಮಾತಾಡುವ ಮರಗಳು ಇರುವ ಲೋಕ. ಜಗತ್ತಿನ ನಾನಾ ಮೂಲೆಯವರು ಒಟ್ಟಿಗೆ ಆಡುತ್ತಾರೆ. ಕಾಲೇಜಿನ ದಿನಗಳಲ್ಲಿ ಪವಾಡ ಬಯಲು ಮಾಡುವ ಸಭೆಗಳಲ್ಲಿ ಕೈಯಿಂದ ಬೂದಿ ಉದುರಿಸಿ ತೋರಿಸುತ್ತಿದ್ದ ನಾನು ಅಲ್ಲಿ ಮಂಜಿನ ಮಂತ್ರ ಹಾಕುತ್ತೇನೆ. ಅಲ್ಲಿಯ ಮಂತ್ರಗಳಲ್ಲಿ ನನಗೆ ಹಿಡಿಸಿದ ಗುಣವೆಂದರೆ, ಅವು ಪ್ರತಿ ಸಲವೂ ಫಲಿಸುತ್ತವೆ. ನನ್ನ ಪ್ರಯೋಗಾಲಯದ ಉಪಕರಣಗಳ ಬಗ್ಗೆ ಹಾಗೆ ಹೇಳಲಾರೆ. ಮುಖ್ಯವಾಗಿ ನನ್ನ ಮಾಂತ್ರಿಕನಿಗೆ ಸೊಂಟದವರೆಗೆ ಇಳಿಬಿದ್ದ ನೀಲಿ ಗಡ್ಡವಿತ್ತು. ಅದರ ಬಣ್ಣ ಆರಿಸಲು ಒಂದು ಪೂರ್ತಿ ಭಾನುವಾರ ಹಿಡಿದಿತ್ತು. ನನ್ನ ಸ್ವಂತ ಗಲ್ಲದ ಮೇಲೆ ಎರಡು ದಿನದ ಗಡ್ಡವನ್ನೂ ಶಿವಲೀಲಾ ಸಹಿಸುವುದಿಲ್ಲ.

ಹೋದ ವರ್ಷ ಆಟಕ್ಕೆ ಹೊಸ ಭಾಗವೊಂದನ್ನು ಸೇರಿಸಲು ಕಂಪನಿಯವರು ಹೊರಟರು. ದೊಡ್ಡ ನದಿಯೊಂದರ ಸೀಮೆ. ಎಲ್ಲರಿಗೂ ಬಿಡುವ ಮೊದಲು ಕೆಲವರನ್ನು ಆರಿಸಿ, ಒಳಗೆ ಬಿಟ್ಟು, ಆಡಿ ನೋಡಿ ತಪ್ಪುಗಳನ್ನು ಹುಡುಕಿಕೊಡಿ ಎಂದರು. ತಪ್ಪು ಹುಡುಕುವವರು ಬೇಕು ಎಂದ ಕೂಡಲೇ ಅರ್ಜಿ ಹಾಕಿದೆ, ಆಯ್ಕೆಯೂ ಆದೆ. ಅತಿ ವಿಚಿತ್ರ ತಪ್ಪನ್ನು ಮೊದಲು ಕಂಡುಹಿಡಿದವರ ಹೆಸರನ್ನು ಆ ಸೀಮೆಯ ಒಂದು ಪಾತ್ರಕ್ಕೆ ಇಡುವುದಾಗಿ ಘೋಷಿಸಿದರು. ನನ್ನ ಹೆಸರು ಇಲ್ಲಿಯವರೆಗೆ ಕಾಲೇಜಿನ ವೇಳಾಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅಚ್ಚಾಗಿಲ್ಲ. ಒಂದು ಲೋಕದಲ್ಲಿ, ಅದು ಇಲ್ಲದ ಲೋಕವೇ ಆಗಲಿ, ನನ್ನ ಹೆಸರಿನವನೊಬ್ಬ ಓಡಾಡಬೇಕು ಎಂಬ ಆಸೆ ಎಷ್ಟು ಬಲವಾಯಿತೆಂದರೆ ಉತ್ತರಪತ್ರಿಕೆ ತಿದ್ದುವಾಗಲೂ ಅದೇ ಧ್ಯಾನ.

ಆಗಲೇ ತಿಳಿದದ್ದು, ಮೌನೇಶನೂ ಆಯ್ಕೆಯಾಗಿದ್ದಾನೆಂದು. ಮೌನೇಶ ನನ್ನ ಹಳೆಯ ವಿದ್ಯಾರ್ಥಿ. ಈಗ ಮುಕ್ಕುಂದದ ಹತ್ತಿರ ಕಾಲುವೆಯ ಗೇಜ್ ಓದುವ ಕೆಲಸ ಅವನದು. ಕಲ್ಲಿನ ಮೇಲೆ ಬರೆದ ಅಳತೆಪಟ್ಟಿ ನೋಡಿ ನೀರೆಷ್ಟಿದೆ ಎಂದು ಹೊತ್ತುಹೊತ್ತಿಗೆ ಪುಸ್ತಕದಲ್ಲಿ ಬರೆದಿಡಬೇಕು. ಗೇಟು ಎತ್ತುವ ಮೊದಲು ಒಮ್ಮೆ, ಎತ್ತಿದ ಮೇಲೆ ಒಮ್ಮೆ. ಕಾಲೇಜಿನಲ್ಲೂ ಅವನು ಹೀಗೆಯೇ ಇದ್ದ. ಲೋಲಕದ ಪ್ರಯೋಗ ಬರೆದುಕೊಂಡು ಬಾ ಎಂದರೆ, 'ಎರಡನೇ ಕಿಟಕಿ ತೆರೆದಿತ್ತು, ಫ್ಯಾನು ತಿರುಗುತ್ತಿತ್ತು, ಸರ್ ಹೊರಗೆ ಫೋನಿನಲ್ಲಿದ್ದರು' ಎಂದು ಬರೆದು ತಂದಿದ್ದ. ನಾನು ಕೆಂಪು ಶಾಯಿಯಲ್ಲಿ 'ಅನಗತ್ಯ' ಎಂದು ಹೊಡೆದುಹಾಕಿ ಅಂಕ ಕಳೆದಿದ್ದೆ.

ಒಂದು ಸಂಜೆ ನನ್ನ ಮಾಂತ್ರಿಕ ಹೊಸ ಸೀಮೆಯ ನದಿಯನ್ನು ಹೆಪ್ಪುಗಟ್ಟಿಸಿ ಅದರ ಮೇಲೆ ನಡೆದುಹೋಗುತ್ತಿದ್ದ. ನಡುವೆ ಅಂಬಿಗನೊಬ್ಬ ದೋಣಿ ಸಿಕ್ಕಿಕೊಂಡು ನಿಂತಿದ್ದ. ಮಾತಾಡಿಸಿದೆ. ಮಾತು ಮುಗಿಸಿ ಅವನು ತಿರುಗಿದಾಗ ನನ್ನ ನೀಲಿ ಗಡ್ಡ ಅವನ ಮುಖದ ಮೇಲಿತ್ತು, ನನ್ನ ಮಾಂತ್ರಿಕ ನುಣ್ಣಗೆ ಬೋಳಿಸಿಕೊಂಡ ಗುಮಾಸ್ತನಂತೆ ನಿಂತಿದ್ದ. ಅಂಬಿಗ ಗಡ್ಡ ನೀವಿಕೊಳ್ಳುತ್ತ ಹೊರಟೇಹೋದ. ಗಾಬರಿಯಿಂದ ಆಟ ಮುಚ್ಚಿ ತೆರೆದರೆ ಗಡ್ಡ ನನ್ನ ಮುಖಕ್ಕೇ ಬಂದಿತ್ತು. ಕೂಡಲೇ ಕಂಪನಿಗೆ ವರದಿ ಕಳುಹಿಸಿದೆ. ಇದಕ್ಕೆ ಮೊದಲು ಏನೇನು ಮಾಡಿದಿರಿ ಎಂಬ ಪ್ರಶ್ನೆ ಮರಳಿ ಬಂತು. ಮಂತ್ರ ಮೊದಲೋ ಮಾತು ಮೊದಲೋ? ಮಂತ್ರದ ಕೋಲು ಯಾವ ಕೈಯಲ್ಲಿತ್ತು? ಏನೂ ನೆನಪಿಲ್ಲ. ನಿಜಕ್ಕೂ ನೋಡಿದೆನೇ ಎಂಬಲ್ಲಿಗೆ ಬಂದು ನಿಂತೆ. ಶಿವಲೀಲಾಳನ್ನು ಕರೆದು ಕೇಳಿದೆ. ಅವಳು ಚಹಾ ಸೋಸುತ್ತಲೇ, "ಗಡ್ಡ ಹೋತಂತ ಇಷ್ಟ್ಯಾಕ ಬಡ್ಕೊಳ್ಳಾಕತ್ತೀರಿ? ಇದ್ದದ್ದರ ಯಾವಾಗ್ರೀ ನಿಮಗ?" ಎಂದಳು. ಕಳುಹಿಸಿದ್ದ ವರದಿಯನ್ನು 'ಭ್ರಮೆಯಿರಬಹುದು' ಎಂದು ಬರೆದು ನಾನೇ ಹಿಂದಕ್ಕೆ ಪಡೆದೆ.

ತಿಂಗಳಾದ ಮೇಲೆ ಫಲಿತಾಂಶ ಬಂತು. ಅತಿ ವಿಚಿತ್ರ ತಪ್ಪು: ಅಂಬಿಗ ಮಾಂತ್ರಿಕನ ಗಡ್ಡ ಒಯ್ಯುವುದು. ಕಂಡುಹಿಡಿದವರು: ಮೌನೇಶ. ಕಂಪನಿಯವರಿಗೆ ಆ ನೋಟ ಎಷ್ಟು ಹಿಡಿಸಿತೆಂದರೆ ಅಂಬಿಗನಿಗೆ ಅಂಥದ್ದೇ ನೀಲಿ ಗಡ್ಡವನ್ನು ಖಾಯಂ ಮಾಡಿ, ಮೌನೇಶ ಎಂದು ಹೆಸರಿಟ್ಟರು. ಅಂದು ನಾನು ಉಣ್ಣಲಿಲ್ಲ. ಉಣ್ಣಲಿಲ್ಲವೆಂದು ಶಿವಲೀಲಾ ಹೇಳುತ್ತಾಳೆ, ನನಗೆ ನೆನಪಿಲ್ಲ. ಆದರೆ ಮೌನೇಶನ ಹೆಂಡತಿಯ ತವರು ಮಸ್ಕಿ, ಅಲ್ಲಿಯ ನಿಲ್ದಾಣದ ಹೋಟೆಲಿನಲ್ಲಿ ಅವನ ಜೊತೆ ಚಹಾ ಕುಡಿದದ್ದುಂಟು, ಇಷ್ಟು ನೆನಪಿಗೆ ಬಂತು. ಗಡ್ಡದ ಸುದ್ದಿ ನಾನೇ ಅವನಿಗೆ ಹೇಳಿರಬೇಕು. ಅವನು ಕದ್ದಿದ್ದಾನೆ. ಅಥವಾ ನಾನು ಹೇಳಿಯೇ ಇಲ್ಲ. ವಾರವೆಲ್ಲ ಬಸ್ಸಿನಲ್ಲಿ ಇದನ್ನೇ ತಿರುವಿ ಹಾಕಿ, ಕೊನೆಗೆ ಒಂದು ಮಧ್ಯಾಹ್ನ ಸಿಂಧನೂರಿನಿಂದ ಆಟೋ ಹಿಡಿದು ಮುಕ್ಕುಂದಕ್ಕೆ ಹೋದೆ.

ಮೌನೇಶ ಕಾಲುವೆ ದಂಡೆಯ ಮೇಲೆ ಬಗ್ಗಿ ಕಲ್ಲು ನೋಡುತ್ತಿದ್ದ. "ಬರ್ರಿ ಸರ, ನೆಳ್ಳಾಗ ಕುಂದರ್ರಿ. ಇದೊಂದು ಬರದು ಬಂದುಬಿಡ್ತೀನಿ" ಎಂದ. ಅವನು ಬರೆಯುವ ವೈಖರಿಯನ್ನು ನೋಡಿಯೇ ನನಗೆ ಹೊಟ್ಟೆ ಉರಿಯಿತು. ಕಣ್ಣಿಗೆ ಕಂಡದ್ದು ಕೈಗೆ ಇಳಿಯುವ ನಡುವೆ ಒಂದು ಚಣದ ಅನುಮಾನವೂ ಇಲ್ಲ.

ಬಂದು ಕೂತ ಮೇಲೆ ನೇರವಾಗಿ ಕೇಳಿದೆ. "ಮೌನೇಶ, ಗಡ್ಡದ ವಿಷಯ ನಾ ನಿನಗ ಹೇಳಿದ್ನೋ ಇಲ್ಲೋ?"

"ಹೇಳೀರಲ್ರಿ ಸರ, ಮಸ್ಕ್ಯಾಗ. ಬರದಿಟ್ಟೀನಿ."

ಅಂಗಿಯ ಜೇಬಿನಿಂದ ಅವನದೇ ಸಣ್ಣ ಪುಸ್ತಕ ತೆಗೆದ. ಅಲ್ಲಿತ್ತು. 'ಮಸ್ಕಿ ಹೋಟೆಲ್, ಬೆಳಿಗ್ಗೆ. ಸರ್ ಹೇಳಿದ್ದು: ಅಂಬಿಗ ಗಡ್ಡ ಒಯ್ದ. ಐದು ನಿಮಿಷದ ನಂತರ ಸರ್ ಹೇಳಿದ್ದು: ಒಯ್ದಿರಲಿಕ್ಕಿಲ್ಲ. ಸರ್ ಬಸ್ ಹತ್ತಿದರು. ಛತ್ರಿ ಹೋಟೆಲಿನಲ್ಲೇ ಉಳಿಯಿತು.' ಆ ಛತ್ರಿಗಾಗಿ ನಾನು ಕಾಲೇಜಿನ ಜವಾನನನ್ನು ತಿಂಗಳಿಡೀ ಸಂದೇಹಿಸಿದ್ದೆ.

ಕೆಳಗೆ, ನನ್ನದರಂಥದ್ದೇ ನೀಲಿ ಗಡ್ಡದ ಮಾಂತ್ರಿಕನನ್ನು ಕಟ್ಟಿಕೊಂಡು ಅವನು ಮಾಡಿ ನೋಡಿದ್ದೆಲ್ಲ ಇತ್ತು. ಮಂಜು ಯಾವ ದಡದಿಂದ, ಎಷ್ಟನೆಯ ಹೆಜ್ಜೆಗೆ ಮಾತು, ಆ ಹೊತ್ತಿಗೆ ಆಕಾಶದಲ್ಲಿ ಎಷ್ಟು ಹಕ್ಕಿ. ನಾನು ಅನಗತ್ಯ ಎಂದು ಹೊಡೆದುಹಾಕಿದ ಕಿಟಕಿ, ಫ್ಯಾನುಗಳೆಲ್ಲ ಬೇರೆ ವೇಷದಲ್ಲಿ ಸಾಲಾಗಿ ನಿಂತಿದ್ದವು.

"ಮೊದಲ ನೋಡಿದವರು ನಮ್ಮ ಸರ ಅಂತನ ಕಳಿಸಿದ್ನಿರಿ" ಎಂದ ಮೌನೇಶ. "ಅವರನ್ನ ಕೇಳಿ ನೋಡ್ತೀವಿ ಅಂದಿದ್ರು. ನಿಮಗ ಕೇಳಲಿಲ್ಲೇನ್ರಿ?"

"ಇಲ್ಲ" ಎಂದೆ. ಎಷ್ಟೋ ವರ್ಷಗಳ ನಂತರ ಒಂದು ಮಾತನ್ನು ಖಚಿತವಾಗಿ ಹೇಳಿದ ಸುಖ ಗಂಟಲಲ್ಲಿರುವಾಗಲೇ ಫೋನು ತೆಗೆದು ಹುಡುಕಿದೆ. ಕೇಳಿದ್ದರು. ಈ ತಪ್ಪನ್ನು ಮೊದಲು ಕಂಡವರು ನೀವೇ ಎಂದು ಮೌನೇಶ ಹೇಳುತ್ತಾರೆ, ದೃಢಪಡಿಸುವಿರಾ ಎಂದು. ಅದರ ಕೆಳಗೆ ಇಂಗ್ಲಿಷಿನಲ್ಲಿ ನನ್ನ ಉತ್ತರವೂ ಇತ್ತು: 'ನೆನಪು ಸಾಕ್ಷಿಯಾಗಲಾರದು. ಹಾಗೆನ್ನಲು ನನ್ನಲ್ಲಿ ಆಧಾರವಿಲ್ಲ. ದಯವಿಟ್ಟು ಮೌನೇಶನನ್ನೇ ನಂಬಿ.'

ಮೌನೇಶ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದ. "ಇಂಗ್ಲಿಷ್ ಭಾರಿ ಚಲೋ ಐತ್ರಿ ಸರ ನಿಮ್ದು" ಎಂದ. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು.

ಈಗ ಹೊಸ ಭಾಗ ಎಲ್ಲರಿಗೂ ತೆರೆದಿದೆ. ಆ ತಪ್ಪು ಮರುಕಳಿಸದಂತೆ ನದಿ ಹೆಪ್ಪುಗಟ್ಟದ ಹಾಗೆ ಮಾಡಿದ್ದಾರೆ. ಮಾಂತ್ರಿಕನೇ ಆಗಲಿ, ಮಂತ್ರಿಯೇ ಆಗಲಿ, ದೋಣಿಯಲ್ಲೇ ದಾಟಬೇಕು. ಅಂಬಿಗ ಮೌನೇಶ ನನ್ನ ನೀಲಿ ಗಡ್ಡ ನೀವಿಕೊಳ್ಳುತ್ತ ಹತ್ತಿರ ಬಂದು, ಖಂಡಿತವಾಗಿ ದಾಟುವಿರಾ ಎಂದು ಕೇಳುತ್ತಾನೆ. ಕೆಳಗೆ ಎರಡೇ ಗುಂಡಿಗಳು, ಹೌದು ಮತ್ತು ಇಲ್ಲ. ಒಂದನ್ನು ಒತ್ತುವವರೆಗೆ ಬೇರೆ ಯಾರಿಗೂ ದೋಣಿ ಸಿಗುವುದಿಲ್ಲ. ಮೊನ್ನೆ ಸಂಜೆ ನಾನು ಅವನೆದುರು ನಿಂತು ಯೋಚಿಸುತ್ತಲೇ ಇದ್ದೆ. ಆಚೆ ದಡದಲ್ಲಿ ನನಗೇನು ಕೆಲಸವಿತ್ತು ಎಂಬುದು ಮರೆತುಹೋಗಿತ್ತು. ಚಹಾ ತಂದಿಟ್ಟ ಶಿವಲೀಲಾ ಪರದೆಯತ್ತ ಒಮ್ಮೆ ನೋಡಿ, ನನ್ನ ಮಾಂತ್ರಿಕನ ಹಿಂದೆ ಅಷ್ಟು ಮಂದಿ ಯಾಕೆ ಪಾಳಿ ಹಚ್ಚಿ ನಿಂತಿದ್ದಾರೆ ಎಂದು ಕೇಳಿದಳು.