ಬೀಗರ ಮನೆ ಮುಂದೆ ನಿಲ್ಲದ ಮೋಟಾರಿಗೆ

ಹೈದರಾಬಾದಿನ ದೊಡ್ಡವರೊಬ್ಬರ ಕೈಯಲ್ಲಿ ಹಳೆಯದಾಗಿ, ಈಗ ನಮ್ಮ ಮನೆ ಮುಂದಿನ ಬೇವಿನ ನೆರಳಲ್ಲಿ ವಿಶ್ರಮಿಸುತ್ತಿರುವ ಮೋಟಾರು ಕಾರಿನವರ ಸನ್ನಿಧಿಗೆ ಸೇಡಂ ಮಡಿವಾಳಯ್ಯ ಮಾಡುವ ಶರಣು ಶರಣಾರ್ಥಿ.

ಮಾನ್ಯರೇ,

ತಮ್ಮ ರೇಡಿಯೇಟರು ತಂಪಾಗಿದೆಯೆಂದು ನಂಬಿ ಈ ಅರಿಕೆ ಬರೆಯುತ್ತಿದ್ದೇನೆ. ಸ್ಟೇರಿಂಗನ್ನು ಎಷ್ಟು ನೆಟ್ಟಗೆ ಹಿಡಿದರೂ ತಾವು ಎಡಕ್ಕೇ ಎಳೆಯುತ್ತೀರಿ. ವಾಡಿಗೆ ಹೋಗುವಾಗ ಸೇಂದಿ ಅಂಗಡಿಯೂ ಎಡಗಡೆಗೇ ಇರುವುದರಿಂದ, ಕೊರಳಲ್ಲಿ ಲಿಂಗ ಧರಿಸಿದ ನಾನು ಅದರ ಬಾಗಿಲವರೆಗೆ ಹೋಗಿ ಹಿಂದೆ ಸರಿಯುವುದನ್ನು ಊರೆಲ್ಲ ಕಂಡಿದೆ. ಅಂಗಡಿಯವನಂತೂ ಈಗೀಗ ಎದ್ದು ನಿಂತು ನಮಸ್ಕರಿಸುತ್ತಾನೆ.

ಇದನ್ನಾದರೂ ಸಹಿಸಬಹುದಿತ್ತು. ಆದರೆ ಮಗಳು ಗುರುದೇವಿಗೆ ಚಿಮ್ಮನಚೋಡದ ಸಂಬಂಧ ಕೂಡಿಬಂದು, ಸೋಮವಾರ ನಾವು ವರನ ಮನೆ ನೋಡಲು ಹೋಗುವುದೆಂದು ನಿಶ್ಚಯವಾಯಿತು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ತಮ್ಮನ್ನೂ ತಮ್ಮ ಜೊತೆಗೆ ನನ್ನನ್ನೂ ಹೊರಗೆ ಹಾಕುವುದಾಗಿ ನನ್ನ ಮನೆಯವಳು ಹೇಳಿದಳು. ಕೂಡಲೇ ತಮ್ಮನ್ನು ವಾಡಿಯ ಮಿಸ್ತ್ರಿ ಮಶಾಕನಿಗೆ ತೋರಿಸಿದೆವು. ಮುಂದಿನ ಟೈರುಗಳಲ್ಲಿ ಎಡಗಡೆಯದಕ್ಕೆ ಗಾಳಿ ಕಡಿಮೆ, ಆ ಬದಿಯ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ಅಂದರೆ ಪಾಟಾ ಕೂಡ ಸೋತು ಕುಗ್ಗಿದೆ, ಗಾಳಿ ತುಂಬಿಸಿರಿ, ಪಾಟಾ ಹೊಸದು ತರಿಸುತ್ತೇನೆ ಎಂದ.

ಪಾಟಾ ಸೋಮವಾರದೊಳಗೆ ಬರಲಿಲ್ಲ. ಗಾಳಿ ತುಂಬುವ ಪಂಪೂ ಕೆಟ್ಟಿತ್ತು. ತಮ್ಮ ಚಾಲಕನೂ ನನ್ನ ಹೆಂಡತಿಯ ತಮ್ಮನೂ ಆದ ಅಂಬಾರಾಯ, ಎಡಕ್ಕೆ ಗಾಳಿ ತುಂಬುವ ಬದಲು ಬಲಗಡೆಯ ಗಾಳಿ ಬಿಟ್ಟು ಎರಡನ್ನೂ ಸಮ ಮಾಡಿದ. ಎಡಗಡೆ ಕುಗ್ಗಿದ್ದರೆ ಬಲಗಡೆಯೂ ಕುಗ್ಗಲೆಂದು ಆ ಬದಿಯ ಸೀಟಿನ ಕೆಳಗೆ ಶಹಾಬಾದಿನ ಎರಡು ಫರಸಿ ಕಲ್ಲು ಹಾಸಿದ. ನಾನು ಅನುಮಾನಪಟ್ಟಿದ್ದಕ್ಕೆ, "ಮಂಚ ಅಲ್ಲಾಡಿದ್ರ ಕಲ್ಲ ಇಡಂಗಿಲ್ಲೇನ್ರಿ ಮಾವ? ಇದೂ ಹಂಗೇ" ಎಂದ.

ಮಾನ್ಯರೇ, ಅಂದಿನ ತಮ್ಮ ಸ್ಥಿರತೆಯನ್ನು ಹೊಗಳಲು ನನ್ನ ಕನ್ನಡ ಸಾಲದು. ಚಿಂಚೋಳಿ ದಾಟುವವರೆಗೂ ಗೆರೆ ಎಳೆದಂತೆ ನಡೆದಿರಿ. ಗಾಳಿಯಿಲ್ಲದ ಟೈರಿಗೆ ಕಲ್ಲಿನ ಭಾರವೂ ಸೇರಿ ಸ್ಟೇರಿಂಗು ಬಿಗಿಯಾಗಿದ್ದರಿಂದ, ದಾರಿ ಬಾಗಿದಲ್ಲೆಲ್ಲ ನಾನೂ ಅಂಬಾರಾಯನೂ ಅದಕ್ಕೆ ಜೋತುಬಿದ್ದು ತಿರುಗಿಸಿದೆವು. ಚಿಮ್ಮನಚೋಡದಲ್ಲಿ ವರನ ತಾಯಿ ಚಂದಮ್ಮನವರು ಕಾಲಿಗೆ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಅವರ ಅಂಗಳಕ್ಕೆ ಬಲಕ್ಕೆ ತಿರುಗಬೇಕಿತ್ತು, ತಾವು ತಿರುಗಲಿಲ್ಲ. ತಿರುಗಿಸುವ ಗದ್ದಲದಲ್ಲಿ ಅಂಬಾರಾಯ ಬ್ರೇಕಿನ ಮೇಲೆ ಕಾಲಿಡುವುದನ್ನೇ ಮರೆತ. ಅಂಬಾರಾಯನೊಬ್ಬನನ್ನು ಬಿಟ್ಟು ನಾವೆಲ್ಲ ಕೈಮುಗಿದುಕೊಂಡೇ ಆ ಮನೆಯ ಮುಂದಿನಿಂದ ಹಾದು ತೊಗರಿ ಹೊಲ ಸೇರಿದೆವು. ತಮ್ಮನ್ನು ಹೊರಗೆಳೆಯುವಷ್ಟರಲ್ಲಿ ಮೈಯೆಲ್ಲ ಮಣ್ಣಾಗಿ, ಆ ಮುಖ ಬೀಗರಿಗೆ ತೋರಿಸಲಾರದೆ ಬಳಸುದಾರಿ ಹಿಡಿದು ಸೇಡಂಗೆ ಮರಳಿದೆವು.

ಮರುದಿನ ಚಂದಮ್ಮನವರೇ ನಮ್ಮ ಬಾಗಿಲಿಗೆ ಬಂದರು. ಹುಡುಗಿ ಹಾಡಬೇಕು, ಹೆಣೆಯಬೇಕು ಎಂದು ಮೊದಲು ಹೇಳಿ ಕಳಿಸಿದ್ದ ಷರತ್ತುಗಳನ್ನೆಲ್ಲ ಊರಲ್ಲೇ ಬಿಟ್ಟು ಬಂದಿದ್ದರು. "ಕೈ ಮುಗ್ದು ಹಂಗೇ ಹೋಗಿಬಿಟ್ರಿ, ಮನಿ ಮನಸಿಗಿ ಬರಲಿಲ್ಲೇನ್ರಿ ಅಣ್ಣಾರ? ಏನ್ ಕಮ್ಮಿ ಅದ ಹೇಳ್ರಿ, ಸರಿ ಮಾಡಸ್ತೀವಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮನೆಯವಳು, ವಿಚಾರ ಮಾಡಿ ತಿಳಿಸುತ್ತೇವೆ ಎಂದು ಗಂಭೀರವಾಗಿ ನುಡಿದು, ಚಹಾ ಆರುವ ಮೊದಲೇ ಒಪ್ಪಿಕೊಂಡಳು.

ಆದ್ದರಿಂದ ಈ ಸಂಬಂಧ ಕುದುರಿಸಿದ ಹಿರಿಯರು ತಾವೇ. ಅಂದಿನ ನಿಜವನ್ನು ಹಾರ್ನಿನಲ್ಲೂ ಹೊರಗೆಡಹಬಾರದಾಗಿಯೂ, ಸಾಧ್ಯವಾದರೆ ಅಂಬಾರಾಯನಿಗೆ ತಾವೇ ಬ್ರೇಕಿನ ಪಾಠ ಹೇಳಬೇಕಾಗಿಯೂ ಪ್ರಾರ್ಥನೆ.

ತಮ್ಮ ಸೀಟಿನ ಅಂಚಿನಲ್ಲಿ ಜೀವ ಹಿಡಿದು ಕುಳಿತ ವಿಶ್ವಾಸಿ,
ಮಡಿವಾಳಯ್ಯ
ಸೇಡಂ, ಹೈದರಾಬಾದ್ ರಾಜ್ಯ

ತಾ. ಕ.: ಮದುಮಗಳನ್ನು ತಮ್ಮಲ್ಲೇ ಕಳಿಸಬೇಕೆಂದು ಬೀಗರ ಆಸೆ. ಗುರುದೇವಿ ಮಾತ್ರ ಎತ್ತಿನ ಬಂಡಿಗೆ ಹೇಳಿ ಕಳಿಸಿದ್ದಾಳೆ. ಗಂಡನ ಮನೆ ಮುಂದೆ ಇಳಿಯಬೇಕೆಂದು ಅವಳ ಆಸೆಯಂತೆ.