ಗೋಡೆಗೆ ಗುರಿಯಿಟ್ಟ ಮೀನಿಗೊಂದು ಮನವಿ

ನಡುಮನೆಯ ಗಾಜಿನ ತೊಟ್ಟಿಯಲ್ಲಿ ಬಿಜಯಂಗೈದಿರುವ ಬಿಲ್ಲುಮೀನಿನವರಿಗೆ,

ಮಾನ್ಯರೇ,

ತಾವು ಕ್ಷೇಮವಾಗಿರುವುದು ಗಾಜಿನ ಈಚೆಯಿಂದಲೇ ಕಾಣುತ್ತಿರುವುದರಿಂದ ಕುಶಲ ವಿಚಾರಿಸುತ್ತಿಲ್ಲ. ತಮ್ಮ ನೀರಿನ ಬಕೆಟ್ಟುಗಳನ್ನು ಹೊತ್ತ ನನ್ನ ಸೊಂಟದ ಕುಶಲವನ್ನು ತಾವು ವಿಚಾರಿಸದಿರುವುದನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ನದಿ ಕಡಲನ್ನು ಸೇರುವ ಅಳಿವೆಯ ಮನೆತನದವರಾದ ತಮಗೆ ಸಿಹಿನೀರು ಸಪ್ಪೆ, ಕಡಲನೀರು ಅತಿ; ಎರಡರ ನಡುವಿನ ಸವಳುನೀರೇ ಆಗಬೇಕು. ಆದ್ದರಿಂದ ನಾನು ವಾರವಾರವೂ ಬಕೆಟ್ಟಿನಲ್ಲಿ ಕಡಲುಪ್ಪು ಕದಡಿ, ಉಪ್ಪಿನಂಶ ತೋರಿಸುವ ಗಾಜಿನ ಕೊಳವೆಯನ್ನು ತೇಲಿಬಿಟ್ಟು, ಒಂದು ಕಣ್ಣು ಮುಚ್ಚಿ ಗೆರೆ ಓದುತ್ತೇನೆ. "ನನ್ನ ಅಡುಗೆಗೆ ಉಪ್ಪು ಸರಿಯಿದ್ಯಾ ಅಂತ ಒಂದಿನ ಹೀಗೆ ಬಗ್ಗಿ ನೋಡಿದ್ದೀರೇನ್ರೀ?" ಎಂದು ಹೆಂಡತಿ ಕೇಳಿದಾಗಲೂ ತಮ್ಮ ಮುಖ ನೋಡಿ ಇನ್ನೊಂದು ಚಿಟಿಕೆ ಉಪ್ಪು ಕದಡಿದ್ದೇನೆ.

ಇನ್ನು ದೂರು. ತಮ್ಮನ್ನು ಮಾರಿದ ಅಂಗಡಿಯವರು ತಮ್ಮ ಬೆಳ್ಳಿ ಮೈಯನ್ನೂ ಕಪ್ಪು ಪಟ್ಟೆಗಳನ್ನೂ ಹಾಡಿ ಹೊಗಳಿದರೇ ಹೊರತು, ತಾವು ನೀರಿನಾಚೆ ಎಲೆಯ ಮೇಲೋ ಗೋಡೆಯ ಮೇಲೋ ಹರಿದಾಡುವ ಹುಳುವನ್ನು ಬಾಯಿಂದ ನೀರು ಚಿಮ್ಮಿಸಿ ಕೆಡವುವ ಬೇಟೆಗಾರರೆಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ಹಾಗಾಗಿ ತೊಟ್ಟಿಯ ಹಿಂದಿನ ಗೋಡೆ ಒದ್ದೆಯಾಗಿ, ಬಣ್ಣ ಉಬ್ಬಿ, ಬಿಳಿ ಉಪ್ಪು ಕೂತಾಗ ನಾನು ಮನೆ ಮಾಲೀಕರನ್ನು ಹಿಡಿದುಕೊಂಡೆ. ಗೋಡೆಯೊಳಗೆ ಪೈಪು ಸೋರುತ್ತಿದೆ, ರಿಪೇರಿ ಮಾಡಿಸಲಾಗದವರು ಮನೆ ಯಾಕೆ ಬಾಡಿಗೆಗೆ ಕೊಡಬೇಕು ಎಂದು ಮೆಟ್ಟಿಲ ಮೇಲೆ ಅಕ್ಕಪಕ್ಕದವರೆಲ್ಲ ಕೇಳುವಂತೆ ದಬಾಯಿಸಿದೆ. ಪಾಪ, ಅವರು ಆಳು ಕರೆಸಿ ಗೋಡೆ ಒಡೆಸಿದರು. ಒಳಗೆ ಪೈಪೇ ಇರಲಿಲ್ಲ. ಮತ್ತೆ ಗಾರೆ ಮೆತ್ತಿಸಿ, ಬಣ್ಣ ಹೊಡೆಸಿ, ಒಣಗಿತೇ ಎಂದು ಅವರು ಮೂಗು ಹತ್ತಿರ ತಂದು ನೋಡುತ್ತಿದ್ದಾಗಲೇ, ಹೊಸ ಬಣ್ಣದ ಮೇಲೆ ವಾಕಿಂಗ್ ಹೊರಟಿದ್ದ ಇರುವೆಯೊಂದಕ್ಕೆ ತಾವು ಗುರಿಯಿಟ್ಟಿರಿ. ನೀರು ಬಿದ್ದದ್ದು ಇರುವೆಯ ಮೇಲೆ, ನೀರಿಳಿದದ್ದು ನನ್ನದು.

ಮಾಲೀಕರು ಕನ್ನಡಕ ಒರೆಸಿಕೊಂಡು, "ಪೈಪು ಸಿಕ್ತು ಬಿಡಿ" ಎಂದರು. ತಿಂಗಳೊಳಗೆ ಮನೆ ಖಾಲಿ ಮಾಡಿ ಎಂದೂ ಅಂದರು.

ಗಡುವು ನೆನಪಿಸಲು ಮರುದಿನ ಬಂದವರು ಬೆಂಕಿಪೊಟ್ಟಣದಲ್ಲಿ ಒಂದು ಇರುವೆಯನ್ನೂ ತಂದರು. ಆಮೇಲೆ ಮಿಡತೆ. ಈಗಂತೂ ಸಂಜೆಯಾದರೆ ನನ್ನದೇ ಕುರ್ಚಿ ಎಳೆದುಕೊಂಡು ಕೂತು, ತಾವು ಹೊಡೆದಾಗಲೆಲ್ಲ ತೊಡೆ ತಟ್ಟಿ ನಗುತ್ತಾರೆ. ಮನಸ್ಸು ಕರಗಿತೆಂದುಕೊಂಡು ಮೆಲ್ಲಗೆ ಗಡುವಿನ ಮಾತೆತ್ತಿದೆ. "ಗಡುವು ಗಡುವೇ. ನೀವು ಹೊರಡಿ, ಮೀನು ಬೇಕಾದ್ರೆ ಇರ್ಲಿ" ಎಂದರು.

ಆದ್ದರಿಂದ ತಮ್ಮ ಗುರಿಗಾರಿಕೆಗೆ ನಮಸ್ಕರಿಸಿ ಕೋರುವುದೇನೆಂದರೆ, ನಾಳೆ ಅವರು ಬಂದಾಗ ನಾನು ಕೋಣೆಯಿಂದ ಆಚೆ ಕಾಲಿಟ್ಟ ಕೂಡಲೇ ತಾವು ಮುಷ್ಕರ ಹೂಡಬೇಕು, ಒಳಗೆ ಬಂದೊಡನೆ ಕೆಲಸಕ್ಕೆ ಹಾಜರಾಗಬೇಕು. ಹೀಗೆ ನಾನಿಲ್ಲದೆ ತಾವಿಲ್ಲವೆಂಬುದನ್ನು ಅವರಿಗೆ ಮನದಟ್ಟು ಮಾಡಬೇಕು. ಬೇಕಿದ್ದರೆ ಬಾಡಿಗೆ ಕರಾರು ತಮ್ಮ ಹೆಸರಿಗೇ ಆಗಲಿ. ತಮ್ಮ ಅವಲಂಬಿತರ ಸಾಲಿನಲ್ಲಿ ನನ್ನದೊಂದು ಹೆಸರಿದ್ದರೆ ಸಾಕು.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಇದೇ ಮನೆಯ ಬಾಡಿಗೆದಾರ

ವಿ.ಸೂ.: ಹೊರಡಬೇಕಾಗಿ ಬಂದರೆ ನೀನೂ ಬರುತ್ತೀಯಲ್ಲ ಎಂದು ಹೆಂಡತಿಯನ್ನು ಕೇಳಿದೆ. "ಪಾಪ, ಅದನ್ನ ಒಂಟಿಯಾಗಿ ಬಿಟ್ಟು ಹೇಗ್ರೀ ಬರ್ಲಿ?" ಎಂದಳು. ಆ ಹೊತ್ತಿಗೆ ತಾವು ಗಾಜಿನ ಹತ್ತಿರ ಬಂದು ಬಾಲ ಆಡಿಸಿದ್ದು ನನಗೆ ಕಾಣಲಿಲ್ಲವೆಂದು ತಿಳಿಯಬೇಡಿ.