ಒಂದಾದರೂ ಗೂಟ ನಿಲ್ಲಬಾರದಿತ್ತೇ

ಅಷ್ಟೆಲ್ಲ ಅನರ್ಥಕ್ಕೂ ಮೂಲ ಒಂದು ಕರಿದ ಚೀಸ್ ತುಣುಕು. ಶನಿವಾರ ಮಧ್ಯಾಹ್ನ ಮೊದಲ ಚೆಂಡು ಎಸೆಯುವ ಮುನ್ನ ಕ್ಯಾಸ್‌ಗೆ ಎದೆ ಹೊಡೆದುಕೊಳ್ಳುತ್ತಿತ್ತು. ಸುಮ್ಮನಿರಲಾರದ ಕೈ ಗೆಳೆಯ ಜಿಗ್ಗಿಯ ತಟ್ಟೆಗೆ ಹೋಯಿತು, ತುಣುಕು ಬಾಯಿಗೆ ಹೋಯಿತು. ಹೋಗಬಾರದಿತ್ತು. ಏನು ಮಾಡುವುದು, ಹಣೆಬರಹ ಅಮೆರಿಕದ ಮಿಲ್ವಾಕಿಯವರನ್ನೂ ಬಿಡುವುದಿಲ್ಲ.

ಕ್ಯಾಸ್ ಶಾಲೆಯ ಬಸ್ಸು ಓಡಿಸುವವ. ವಯಸ್ಸು ಅರವತ್ತರ ಹತ್ತಿರ. ಹೊಟ್ಟೆಗೂ ಅಂಗಿಯ ಗುಂಡಿಗೂ ದಿನವೂ ಜಗಳ. ಲುಡ್ವಿಕಾಳ ಬಾರಿನ ನೆಲಮಾಳಿಗೆಯಲ್ಲಿ ಬೌಲಿಂಗ್ ಆಡುವುದೊಂದೇ ಅವನ ಬದುಕಿನ ಸುಖ. ಉದ್ದನೆಯ ಮರದ ಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ, ಆ ತುದಿಯಲ್ಲಿ ನಿಂತ ಹತ್ತು ಗೂಟ ಕೆಡವಬೇಕು, ಅಷ್ಟೇ. ಅಷ್ಟೇ ಅಂದವರ ಜತೆ ಕ್ಯಾಸ್ ವಾರಗಟ್ಟಲೆ ಮಾತು ಬಿಡುತ್ತಿದ್ದ.

ಈಚೆಗೆ ಲುಡ್ವಿಕಾಳಿಗೆ ಬೇರೆ ಬುದ್ಧಿ ಬಂದಿತ್ತು. "ಈಗಿನ ಹುಡುಗರಿಗೆ ಕೊಡಲಿ ಎಸೆಯೋ ಆಟ ಬೇಕಂತೆ ಕಣೋ. ಹಾಸು ಕಿತ್ತಾಕಿ ಗೋಡೆಗೆ ಹಲಗೆ ಹೊಡೆಸ್ತೀನಿ."

"ಅಯ್ಯೋ, ನನ್ನ ಜೀವಾನೇ ಕಿತ್ತ ಹಾಗಾಗತ್ತೆ ಕಣಮ್ಮಾ! ಸ್ವಲ್ಪ ತಡಿ. ಜಾಗತಿಕ ಕ್ರೀಡಾಕೂಟದವರು ಒಬ್ಬರನ್ನ ಕಳಿಸ್ತಿದಾರೆ. ಬೌಲಿಂಗು ದೊಡ್ಡ ಆಟಗಳ ಸಾಲಿಗೆ ಸೇರಬಹುದಾ ಅಂತ ಇಲ್ಲಿಗೇ ಬಂದು ನೋಡ್ತಾರೆ. ಸೇರಿತು ಅಂದ್ರೆ ನಿನ್ನ ನೆಲಮಾಳಿಗೇಲಿ ಕಾಲಿಡಕ್ಕೂ ಜಾಗ ಇರಲ್ಲ."

"ಸರಿ. ಅವನು ಹೂಂ ಅಂದ್ರೆ ಹಾಸು. ಊಹೂಂ ಅಂದ್ರೆ ಸೋಮವಾರ ಕೊಡಲಿ. ಆಮೇಲೆ ಅಳಬೇಡ."

ಬಂದವರು ಸ್ವಿಟ್ಜರ್ಲೆಂಡಿನ ಪೆರೊಶೆ. ಒಂದು ಕಾಲದ ಕತ್ತಿವರಸೆ ಪಟು, ಮಡಿಸಿದ ಛತ್ರಿಯಂತೆ ನೆಟ್ಟಗಿನ ಮನುಷ್ಯ. ಬೌಲಿಂಗನ್ನು ಕಣ್ಣಾರೆ ಕಂಡವರಲ್ಲ. ಕ್ಯಾಸ್ ಎಲ್ಲರಿಗೂ ವಾರದಿಂದ ಪಾಠ ಹೇಳಿಟ್ಟಿದ್ದ: ಬಿಯರ್ ಮುಟ್ಟಬೇಡಿ, ಕುರುಕಲು ಬೇಡ, ಪ್ರತಿ ಹೊಡೆತಕ್ಕೂ ಚಪ್ಪಾಳೆ ಬೀಳಲಿ. ಜಿಗ್ಗಿ ಮಗನ ಟ್ರ್ಯಾಕ್‌ಸೂಟಿನಲ್ಲಿ ಉಸಿರು ಬಿಗಿಹಿಡಿದು ಬಂದಿದ್ದ. ಕೈಯಲ್ಲಿ ಮಾತ್ರ ಚೀಸ್ ತಟ್ಟೆ.

ಮೊದಲ ಚೆಂಡಿಗೆ ಹತ್ತೂ ಗೂಟ ಬಿದ್ದವು. ಚಪ್ಪಾಳೆಯೋ ಚಪ್ಪಾಳೆ! ಕ್ಯಾಸ್ ಸೊಂಟ ಹಿಡಿದು "ಅಯ್ಯಮ್ಮಾ" ಎಂದು ಕುರ್ಚಿಗೆ ಕುಸಿದ. ಎರಡನೆಯದಕ್ಕೂ ಹತ್ತು, ಮೂರನೆಯದಕ್ಕೂ ಹತ್ತು. ಪ್ರತಿ ಸಲವೂ ಎಸೆಯುವ ಮುನ್ನ ಕೈ ತಾನಾಗಿ ಜಿಗ್ಗಿಯ ತಟ್ಟೆಗೆ ಹೋಗುತ್ತಿತ್ತು. ನಾಲ್ಕನೆಯದಕ್ಕೂ ಹತ್ತು ಬಿದ್ದಾಗ ನೆಲಮಾಳಿಗೆ ಮಸಣದಂತೆ ಮೌನವಾಯಿತು.

ಅಲ್ಲಿನ ಕಟ್ಟಳೆಯೇ ಹಾಗೆ. ಒಬ್ಬನಿಗೆ ಹೀಗೆ ಸಾಲಾಗಿ ಬೀಳತೊಡಗಿದರೆ ಅವನನ್ನು ಮಾತಾಡಿಸಬಾರದು, ನೋಡಬಾರದು, ನಡೆಯುತ್ತಿರುವುದನ್ನು ಬಾಯಲ್ಲಿ ಆಡಲೂಬಾರದು. ಆಡಿದರೆ ದೃಷ್ಟಿ ತಾಕುತ್ತದೆ. ಆಟಗಾರನೂ ಅಷ್ಟೇ, ಮೊದಲ ಚೆಂಡಿಗೆ ಏನೇನು ಮಾಡಿದ್ದನೋ ಕೊನೆಯ ಚೆಂಡಿನವರೆಗೂ ಅದನ್ನೇ ಮಾಡಬೇಕು.

ಇಷ್ಟರಲ್ಲಿ ಕ್ಯಾಸ್ ತಿನ್ನುವುದನ್ನು ನಿಲ್ಲಿಸಿಯಾನೆಂಬ ಭಯ ಜಿಗ್ಗಿಗೆ. ಅವನು ತಟ್ಟೆಯನ್ನು ಮೊಣಕೈಯಿಂದ ಇತ್ತ ತಳ್ಳಿ ಛಾವಣಿಗೆ ಹೇಳಿದ: "ಮೊದಲನೇ ಚೆಂಡಿಗೆ ಚೀಸ್ ತಿಂದವರು ಬಿಡದೆ ತಿನ್ನಬೇಕು ಅಂತ ನಮ್ಮಜ್ಜಿ ಹೇಳ್ತಿದ್ಲು."

"ಲೇ, ಆ ಮನುಷ್ಯ ನೋಡ್ತಿದಾನೆ ಕಣೋ! ನಾನು ಕ್ರೀಡಾಪಟು ಥರ ಕಾಣಬೇಕು!"

"ಸೊಂಟ ಹಿಡಿದು ಅಯ್ಯಮ್ಮಾ ಅನ್ನೋದನ್ನೂ ಮರೀಬಾರದಂತೆ" ಎಂದು ಜಿಗ್ಗಿ ದೀಪಕ್ಕೆ ತಿಳಿಸಿದ.

ಕ್ಯಾಸ್‌ಗೆ ಅಳು ಬಂತು. ತಿಂದರೆ ಮಾನ ಹೋಗುತ್ತದೆ. ತಿನ್ನದೆ ಒಂದು ಗೂಟ ನಿಂತುಬಿಟ್ಟರೆ ಈ ಊರಿನಲ್ಲಿ ಬಾಳುವಂತಿಲ್ಲ. ತಿಂದ. ಎಣ್ಣೆ ಅಂಗಿಯ ಮೇಲೆ ಇಳಿಯಿತು. ಎಸೆದ, ಹತ್ತೂ ಬಿದ್ದವು, "ಅಯ್ಯಮ್ಮಾ" ಎಂದು ಕುಸಿದ. ಮತ್ತೆ ತಿಂದ.

ಪೆರೊಶೆ ಕುತೂಹಲದಿಂದ ಜಿಗ್ಗಿಯ ಬಳಿ ಬಂದರು. "ಇದು ಕಷ್ಟದ ಸಾಧನೆ ಅಲ್ವಾ? ಹೀಗೆ ಎಲ್ಲ ಬೀಳೋದು ಅಪರೂಪಾನಾ?"

ಜಿಗ್ಗಿಯ ಮುಖ ಬಿಳಿಚಿಕೊಂಡಿತು. "ಏನು ಸಾರ್? ಏನೂ ಆಗ್ತಿಲ್ವಲ್ಲ! ಎಲ್ಲಾ ಮಾಮೂಲಿ. ಈ ಸಲ ಸರೋವರದಲ್ಲಿ ಮೀನು ಚೆನ್ನಾಗಿ ಸಿಗ್ತಿದೆ."

ಅವರು ಲುಡ್ವಿಕಾಳನ್ನು ಕೇಳಿದರು. "ನನಗೇನೂ ಕಾಣಿಸ್ತಿಲ್ಲಪ್ಪ" ಎಂದು ಅವಳು ಬೆನ್ನು ತಿರುಗಿಸಿ ಲೋಟ ಒರೆಸತೊಡಗಿದಳು. ನೋಡನೋಡುತ್ತ ಇಡೀ ನೆಲಮಾಳಿಗೆಯೇ ಗೋಡೆಗೆ ಮುಖ ಮಾಡಿ ನಿಂತು ಮೀನಿನ ವಿಚಾರ ಮಾತಾಡಿತು.

ಹನ್ನೆರಡನೆಯ ಚೆಂಡು ಕೊನೆಯದು. ಕ್ಯಾಸ್ ಇನ್ನೊಂದು ತುಣುಕು ನುಂಗಿದ. ಎಸೆದು ಕಣ್ಣು ಮುಚ್ಚಿದ. ದಡದಡ ಸದ್ದಾಯಿತು. ಕಣ್ಣು ಬಿಟ್ಟರೆ ಒಂದೂ ನಿಂತಿರಲಿಲ್ಲ!

ಆಮೇಲಿನ ಗದ್ದಲ ಕೇಳಬೇಡಿ. ಗೋಡೆ ನೋಡುತ್ತಿದ್ದವರೆಲ್ಲ ಒಮ್ಮೆಲೇ ಹಾರಿ ಬಂದು ಅಪ್ಪಿಕೊಂಡರು. ಜಿಗ್ಗಿಯ ಟ್ರ್ಯಾಕ್‌ಸೂಟು ಬೆನ್ನಲ್ಲಿ ಹರಿಯಿತು. ಕ್ಯಾಸ್ ಮಗುವಿನಂತೆ ಅತ್ತ.

ಪೆರೊಶೆ ಕೈ ಕುಲುಕಿದರು. ಮುಖ ಮಾತ್ರ ಬಾಡಿತ್ತು. "ಹೂಂ ಅನ್ನಬೇಕು ಅಂತಲೇ ಬಂದಿದ್ದೆ. ಆದರೆ ನೀವು ತಿಂತಾ, ನರಳ್ತಾ ಆಡಿದ್ರೂ ಒಂದು ಸಲಾನೂ ತಪ್ಪಲಿಲ್ಲ. ನಿಮ್ಮ ಜನಾನೇ ಬೇಜಾರಾಗಿ ಬೆನ್ನು ಹಾಕಿದ್ರು. ಆಡೋರಿಗೆ ಇಷ್ಟು ಸುಲಭ, ನೋಡೋರಿಗೆ ಇಷ್ಟು ಬೇಸರ. ಇದನ್ನ ಜಗತ್ತಿನ ಮುಂದೆ ಹೇಗೆ ಇಡಲಿ?"

"ಸಾರ್, ನನ್ನ ಜನ್ಮದಲ್ಲೇ ಇದು ಮೊದಲನೇ ಸಲ ಸಾರ್!"

"ಇವರು ಮಾಮೂಲಿ ಅಂದ್ರಲ್ಲ?"

"ಸುಳ್ಳು ಹೇಳಿದೆ ಸಾರ್!" ಜಿಗ್ಗಿ ಎದೆ ಬಡಿದುಕೊಂಡ. "ದೃಷ್ಟಿ ತಾಕಬಾರದು ಅಂತ ಹೇಳಿದೆ. ತುಂಬಾ ಕಷ್ಟದ ಆಟ ಸಾರ್!"

"ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದೀರೋ?" ಪೆರೊಶೆ ಒಳ್ಳೆಯವರು, ಕರಗಿದರು. "ಆಗಲಿ, ಇನ್ನೊಂದು ಚೆಂಡು ಎಸೀರಿ. ಒಂದು ಗೂಟ ನಿಂತ್ರೂ ಸಾಕು, ಕಷ್ಟ ಅಂತ ನಂಬ್ತೀನಿ. ಬೇಕೂಂತ ಹಾಸಿನ ಬದಿಯ ಕಾಲುವೆಗೆ ಚೆಂಡು ಹಾಕಬೇಡಿ, ನನಗೂ ಕಣ್ಣಿದೆ."

ಕ್ಯಾಸ್‌ನ ಹೋದ ಜೀವ ಬಂದಂತಾಯಿತು. ಒಂದು ಗೂಟ ಉಳಿಸುವುದೇನು ಮಹಾ! ಇಷ್ಟು ವರ್ಷ ಅದನ್ನೇ ತಾನೇ ಮಾಡಿಕೊಂಡು ಬಂದದ್ದು? ಈ ಸಲ ಚೀಸ್ ಮುಟ್ಟಲಿಲ್ಲ, ಸೊಂಟ ಹಿಡಿಯಲಿಲ್ಲ. ಜನ ಎವೆಯಿಕ್ಕದೆ ನೋಡಿದರು, ಬೇಕೆಂದೇ ಕೂಗಿ ಮಾತಾಡಿಸಿದರು, ಇದ್ದಬದ್ದ ದೃಷ್ಟಿಯನ್ನೆಲ್ಲ ಹಾಕಿದರು. ಕ್ಯಾಸ್ ನಡುವನ್ನು ಬಿಟ್ಟು ಸ್ವಲ್ಪ ಓರೆಯಾಗಿ ಎಸೆದ.

ಒಂಬತ್ತು ಬಿದ್ದವು. ಮೂಲೆಯಲ್ಲೊಂದು ನಿಂತಿತು.

"ನಿಂತ್ಕೋ ನನ್ನಪ್ಪಾ!" ಎಂದು ಜಿಗ್ಗಿ ಚೀರಿದ.

ಬಿದ್ದ ಗೂಟವೊಂದು ಬದಿಗೋಡೆಗೆ ತಗುಲಿ, ಉರುಳಿಕೊಂಡು ಬಂದು, ನಿಂತದ್ದರ ಬುಡಕ್ಕೆ ಮೆಲ್ಲಗೆ ತಾಗಿತು. ಅದೂ ಮಲಗಿತು.

ಪೆರೊಶೆ ನಿಟ್ಟುಸಿರು ಬಿಟ್ಟು ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಕ್ಯಾಸ್ ಹಾಸಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಲುಡ್ವಿಕಾ ಬಂದು ಅವನ ಬೆನ್ನು ಸವರಿದಳು.

"ಸೋಮವಾರ ತಪ್ಪಿಸಬೇಡ ಕಣೋ. ಇಂಥಾ ಗುರಿ ಇರೋನು ಇನ್ಯಾರಿದಾನೆ? ಮೊದಲನೇ ಕೊಡಲಿ ನೀನೇ ಎಸೀಬೇಕು."